ಕುಮಾರಿ ಮೇರಿ ಕಾರ್ಪೆಂಟರ್

ರಾಜಾ ರಾಮಮೋಹನ ರಾಯರು ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ 1833ರ ಸೆಪ್ಟೆಂಬರ್ 27ರಂದು ಕಾಲವಾದರೆಂಬುದು ಚರಿತ್ರೆಯ ವಿದ್ಯಾರ್ಥಿಗಳಾದ ನಮಗೆಲ್ಲ ತಿಳಿದ ಸಂಗತಿ. ಆ ಊರಿನ ಆರ್ನೋಸ್ ವೇಲ್ ಎಂಬ ರುದ್ರಭೂಮಿಯಲ್ಲಿ, ದ್ವಾರಕಾನಾಥ ಠಾಕೂರರು ಕಟ್ಟಿಸಿದ ಛತ್ರಿಯ ಕೆಳಗೆ, ಅವರ ಸಮಾಧಿ ಇದೆ. ಅವರನ್ನು ಕಣ್ಣಾರೆ ಕಂಡು, ಅವರ ಮಾತನ್ನು ಕಿವಿಯಾರೆ ಕೇಳಿದ ಒಬ್ಬ ಮಹಿಳೆಯನ್ನೂ ನಲವತ್ತನಾಲ್ಕು ವರ್ಷಗಳ ಅನಂತರ ಅದೇ ರುದ್ರಭೂಮಿಯಲ್ಲಿ ಮಣ್ಣು ಮಾಡಿದರು. ಆಕೆಯೇ ಮೇರಿ ಕಾರ್ಪೆಂಟರ್.

ನಮ್ಮ ಪಠ್ಯಪುಸ್ತಕಗಳು ಈಕೆಗೆ ಕೊಟ್ಟಿರುವ ಜಾಗ ಒಂದು ಸಾಲಿನದು. ಭಾರತದಲ್ಲಿ ಸ್ತ್ರೀವಿದ್ಯಾಭ್ಯಾಸಕ್ಕಾಗಿ ಶ್ರಮಿಸಿದ ಆಂಗ್ಲ ಮಹಿಳೆ ಎಂದು ಬರೆದು ಮುಂದಿನ ಪ್ರಕರಣಕ್ಕೆ ಹೋಗಿಬಿಡುತ್ತವೆ. ಇದು ಸುಳ್ಳೇನೂ ಅಲ್ಲ. ಆದರೆ ಆಕೆ ತಮ್ಮ ಆಯುಷ್ಯವನ್ನೆಲ್ಲ ಸವೆಸಿದ್ದು ಬೇರೊಂದು ಕೆಲಸದಲ್ಲಿ. ಕಳ್ಳತನ ಮಾಡಿ ಸಿಕ್ಕಿಬಿದ್ದ ಎಂಟು, ಹತ್ತು, ಹನ್ನೆರಡು ವರ್ಷದ ಮಕ್ಕಳನ್ನು ಏನು ಮಾಡಬೇಕು ಎಂಬ ಪ್ರಶ್ನೆ ಆಕೆಯನ್ನು ನಡುವಯಸ್ಸಿನಲ್ಲಿ ಹಿಡಿಯಿತು, ಸಾಯುವವರೆಗೂ ಬಿಡಲಿಲ್ಲ. ಆ ಪ್ರಶ್ನೆ ಇಂದಿಗೂ ಮುಗಿದಿಲ್ಲವೆಂದು ನನಗೆ ತೋರಿದುದರಿಂದಲೇ ಈ ನಾಲ್ಕು ಮಾತುಗಳನ್ನು ಬರೆಯಲು ಹೊರಟಿದ್ದೇನೆ.

ಮೇರಿ ಹುಟ್ಟಿದ್ದು 1807ರ ಏಪ್ರಿಲ್ 3ರಂದು, ಎಕ್ಸೆಟರ್ ಎಂಬ ಊರಿನಲ್ಲಿ. ತಂದೆ ಡಾಕ್ಟರ್ ಲ್ಯಾಂಟ್ ಕಾರ್ಪೆಂಟರ್ ಯೂನಿಟೇರಿಯನ್ ಪಂಥದ ಧರ್ಮೋಪದೇಶಕರು. ಆರು ಮಕ್ಕಳಲ್ಲಿ ಇವಳೇ ಹಿರಿಯಳು. ತಮ್ಮ ವಿಲಿಯಂ ಮುಂದೆ ಶರೀರಶಾಸ್ತ್ರಜ್ಞನಾಗಿ ದೊಡ್ಡ ಹೆಸರು ಪಡೆದನು. 1817ರಲ್ಲಿ ಸಂಸಾರ ಬ್ರಿಸ್ಟಲಿಗೆ ಬಂದಿತು. ಲೂಯಿನ್ಸ್ ಮೀಡ್ ಎಂಬ ಬೀದಿಯ ಪ್ರಾರ್ಥನಾ ಮಂದಿರದಲ್ಲಿ ತಂದೆಗೆ ಕೆಲಸ. ಅದರ ಜೊತೆಗೆ ಮನೆಯಲ್ಲಿಯೇ ಹುಡುಗರಿಗೊಂದು ಶಾಲೆ. ಹೆಣ್ಣುಮಕ್ಕಳಿಗೆ ಹೊಲಿಗೆ, ಹಾಡು, ಸ್ವಲ್ಪ ಫ್ರೆಂಚು ಕಲಿಸಿದರೆ ಸಾಕೆಂದು ತಿಳಿದಿದ್ದ ಕಾಲ ಅದು. ಲ್ಯಾಂಟ್ ಕಾರ್ಪೆಂಟರರು ಮಗಳನ್ನು ಹುಡುಗರ ಸಾಲಿನಲ್ಲಿಯೇ ಕೂರಿಸಿ ಲ್ಯಾಟಿನ್, ಗ್ರೀಕ್, ಗಣಿತ, ಪ್ರಕೃತಿವಿಜ್ಞಾನಗಳನ್ನು ಓದಿಸಿದರು. ಹುಡುಗಿ ಬಹಳ ಗಂಭೀರ ಸ್ವಭಾವದವಳು. ತೀರ ಚಿಕ್ಕವಳಾಗಿದ್ದಾಗ ಹುಲ್ಲು ಒಣಗಿಸುವ ಹೊಲದಲ್ಲಿ ದೊಡ್ಡವರು ದುಡಿಯುತ್ತಿದ್ದುದನ್ನು ಕಂಡು ತನಗೂ ಏನಾದರೂ ಕೆಲಸ ಕೊಡಬೇಕೆಂದು ಹಟ ಹಿಡಿದಳಂತೆ. ಮಹಾಪುರುಷರ ಬಾಲ್ಯದ ಕಥೆಗಳನ್ನು ನಾನು ಸಾಮಾನ್ಯವಾಗಿ ನಂಬುವುದಿಲ್ಲ. ಈಕೆಯ ಮುಂದಿನ ನಡತೆಯನ್ನು ನೋಡಿದರೆ ಇದೊಂದನ್ನು ನಂಬಬಹುದೆನ್ನಿಸುತ್ತದೆ.

ಎರಡು ವರ್ಷ ಬೇರೆ ಬೇರೆ ಮನೆಗಳಲ್ಲಿ ಮಕ್ಕಳಿಗೆ ಪಾಠ ಹೇಳುವ ಕೆಲಸ ಮಾಡಿ, 1829ರಲ್ಲಿ ತಾಯಿಯೊಡನೆಯೂ ತಂಗಿಯರೊಡನೆಯೂ ಸೇರಿ ಬ್ರಿಸ್ಟಲಿನಲ್ಲಿ ಹೆಣ್ಣುಮಕ್ಕಳ ಶಾಲೆಯೊಂದನ್ನು ತೆರೆದರು. ಅನುಕೂಲಸ್ಥರ ಮಕ್ಕಳ ಶಾಲೆ ಅದು. ಜೀವನ ಹಾಗೆಯೇ ಸಾಗಿದ್ದರೆ ಬ್ರಿಸ್ಟಲಿನ ಒಬ್ಬ ಒಳ್ಳೆಯ ಉಪಾಧ್ಯಾಯಿನಿಯೆಂದು ಹತ್ತಾರು ಮನೆಯವರು ನೆನೆಯುತ್ತಿದ್ದರು.

1833ರಲ್ಲಿ ಇಬ್ಬರು ಅತಿಥಿಗಳು ಬಂದರು. ಒಬ್ಬರು ರಾಮಮೋಹನ ರಾಯರು. ಅವರಿಂದ ಮೇರಿಗೆ ಭಾರತದ ಮೇಲೆ ಹುಟ್ಟಿದ ಆಸಕ್ತಿ ಮೂವತ್ತಮೂರು ವರ್ಷ ಬೂದಿಯೊಳಗಿನ ಕೆಂಡದಂತೆ ಉಳಿದು ಅನಂತರ ಹೊತ್ತಿಕೊಂಡಿತು. ಇನ್ನೊಬ್ಬರು ಅಮೆರಿಕದ ಬಾಸ್ಟನ್ ನಗರದ ಜೋಸೆಫ್ ಟಕರ್ಮನ್. ಬಡವರ ಕೇರಿಗಳಲ್ಲಿ ಮನೆಮನೆಗೆ ಹೋಗಿ ಅವರ ಕಷ್ಟಸುಖ ವಿಚಾರಿಸುವುದನ್ನೇ ಧರ್ಮಕಾರ್ಯವೆಂದು ತಿಳಿದಿದ್ದವರು. ಒಂದು ದಿನ ಮೇರಿ ಅವರೊಡನೆ ಬ್ರಿಸ್ಟಲಿನ ಒಂದು ಕೊಳಕು ಓಣಿಯಲ್ಲಿ ನಡೆದು ಹೋಗುತ್ತಿದ್ದಾಗ ಚಿಂದಿ ಬಟ್ಟೆಯ ಹುಡುಗನೊಬ್ಬ ಇವರಿಗೆ ಅಡ್ಡಲಾಗಿ ಓಡಿ ಯಾವುದೋ ಸಂದಿಯಲ್ಲಿ ಮಾಯವಾದ. ಆ ಮಗುವಿನ ಹಿಂದೆಯೇ ಅವನ ಮನೆಯವರೆಗೆ ಹೋಗಿ ಅವನ ಯೋಗಕ್ಷೇಮ ವಿಚಾರಿಸಬೇಕಾದ್ದು ನ್ಯಾಯವೆಂದು ಟಕರ್ಮನ್ನರು ನಡೆಯುತ್ತಲೇ ಹೇಳಿದರು. ಅಷ್ಟೇ. ಅವರು ಆ ಮಾತನ್ನು ಬಹುಶಃ ಮರೆತಿರಬೇಕು, ಮೇರಿ ಮರೆಯಲಿಲ್ಲ.

ಆಗಿನ ಬ್ರಿಸ್ಟಲ್ ಎಂಥ ಊರು? ಸಕ್ಕರೆ ಮತ್ತು ತಂಬಾಕಿನ ವ್ಯಾಪಾರದಿಂದಲೂ, ಅದಕ್ಕೆ ಹಿಂದೆ ಗುಲಾಮರ ವ್ಯಾಪಾರದಿಂದಲೂ ಕೊಬ್ಬಿದ್ದ ಬಂದರು ಪಟ್ಟಣ. ದಿಣ್ಣೆಗಳ ಮೇಲೆ ವರ್ತಕರ ಮಹಲುಗಳು. ಕೆಳಗೆ ಹಡಗುಕಟ್ಟೆಯ ಸುತ್ತ ಗಾಳಿಬೆಳಕಿಲ್ಲದ ಓಣಿಗಳು. ಲೂಯಿನ್ಸ್ ಮೀಡಿನ ಮಂದಿರಕ್ಕೆ ಶ್ರೀಮಂತರು ಗಾಡಿಗಳಲ್ಲಿ ಬಂದು ಪ್ರಾರ್ಥನೆ ಮಾಡಿ ಹೋಗುತ್ತಿದ್ದರು. ಮಂದಿರದ ಗೋಡೆಗೆ ತಗುಲಿದಂತೆಯೇ ಆ ಓಣಿಗಳು ಇದ್ದುವು. 1835ರಲ್ಲಿ ಮೇರಿ ಬಡವರ ಮನೆಗಳನ್ನು ಸಂದರ್ಶಿಸುವ ಒಂದು ಸಂಘವನ್ನು ಕಟ್ಟಿದರು. ಅತ್ಯಂತ ಕೆಟ್ಟ ಓಣಿಗಳನ್ನು ತಾವೇ ಆರಿಸಿಕೊಂಡರು. 1840ರಲ್ಲಿ ತಂದೆ ನೇಪಲ್ಸಿನಿಂದ ಹಡಗಿನಲ್ಲಿ ಹೋಗುತ್ತಿದ್ದಾಗ ಸಮುದ್ರಕ್ಕೆ ಬಿದ್ದು ತೀರಿಹೋದರು. ತಂದೆಯೇ ಗುರುವೂ ಆಗಿದ್ದ ಮಗಳಿಗೆ ಇದು ದೊಡ್ಡ ಪೆಟ್ಟಾಯಿತು. ಈ ದುಃಖದಿಂದ ಆಕೆ ಹೊರಬಂದದ್ದು ಕೆಲಸದ ಮೂಲಕವೇ.

ಮಕ್ಕಳ ಅಪರಾಧದ ವಿಷಯದಲ್ಲಿ ಅಂದಿನ ಕಾನೂನು ಹೇಗಿತ್ತೆಂಬುದನ್ನು ಇಲ್ಲಿ ಹೇಳಬೇಕು. ಏಳು ವರ್ಷ ತುಂಬಿದ ಮಗುವನ್ನು ಇಂಗ್ಲೆಂಡಿನ ನ್ಯಾಯಸ್ಥಾನ ಅಪರಾಧಿಯೆಂದು ವಿಚಾರಿಸಬಹುದಾಗಿತ್ತು. ನಮ್ಮ ದೇಶಕ್ಕೆ 1860ರಲ್ಲಿ ಬಂದ ದಂಡಸಂಹಿತೆಯೂ ಅದೇ ಏಳರ ಗೆರೆಯನ್ನು ಎಳೆಯಿತು. ರೊಟ್ಟಿಯನ್ನೋ ಕರವಸ್ತ್ರವನ್ನೋ ಕದ್ದ ಹುಡುಗನಿಗೆ ಛಡಿ ಏಟು, ಸೆರೆಮನೆ. ಅಪರಾಧ ಪದೇ ಪದೇ ನಡೆದರೆ ಆಸ್ಟ್ರೇಲಿಯಕ್ಕೆ ಗಡೀಪಾರು. ಸೆರೆಮನೆಯಲ್ಲಿ ಅವನಿಗೆ ಗುರುಗಳಾಗಿ ಸಿಗುತ್ತಿದ್ದವರು ಪಳಗಿದ ಕಳ್ಳರು. ಹೊರಗೆ ಬಂದ ಮೇಲೆ ಅವನನ್ನು ಕೆಲಸಕ್ಕೆ ಸೇರಿಸಿಕೊಳ್ಳುವವರಿಲ್ಲ. ತಿರುಗಿ ಅದೇ ದಾರಿ. ಹುಡುಗರಿಗಾಗಿಯೇ ಪ್ರತ್ಯೇಕವಾಗಿ ವೈಟ್ ದ್ವೀಪದ ಪಾರ್ಕ್‌ಹರ್ಸ್ಟಿನಲ್ಲಿ 1838ರಲ್ಲಿ ಸರ್ಕಾರ ಒಂದು ಸೆರೆಮನೆ ತೆರೆಯಿತು. ಮೊದಮೊದಲು ಅಲ್ಲಿ ಹುಡುಗರ ಕಾಲಿಗೆ ಕಬ್ಬಿಣದ ಬೇಡಿ ಹಾಕುತ್ತಿದ್ದರು. ಮಕ್ಕಳಿಗಾಗಿ ಬೇರೆ ಕಟ್ಟಡ ಕಟ್ಟಿದರೂ ಸೆರೆಮನೆ ಸೆರೆಮನೆಯೇ ಎಂದು ಮೇರಿ ಮುಂದೆ ಪಾರ್ಕ್‌ಹರ್ಸ್ಟನ್ನು ಕಟುವಾಗಿ ಟೀಕಿಸಿದರು.

1846ರ ಆಗಸ್ಟ್ 1ರಂದು ಲೂಯಿನ್ಸ್ ಮೀಡಿನಲ್ಲಿ ಆಕೆ ಒಂದು ಶಾಲೆ ತೆರೆದರು. ರ್‍ಯಾಗೆಡ್ ಸ್ಕೂಲ್, ಅಂದರೆ ಚಿಂದಿ ಬಟ್ಟೆಯವರ ಶಾಲೆ ಎಂದು ಇಂಥವನ್ನು ಕರೆಯುತ್ತಿದ್ದರು. ಬೇರೆ ಶಾಲೆಗಳು ಬಾಗಿಲೊಳಗೆ ಬಿಡದ ಮಕ್ಕಳಿಗಾಗಿ ಇದ್ದುದರಿಂದ ಈ ಹೆಸರು. ಬಂದವರು ಇಪ್ಪತ್ತರಷ್ಟು ಹುಡುಗರು. ಮೊದಲ ಕೂಟದಲ್ಲಿಯೇ ಒಬ್ಬ ಹುಡುಗ ಕುಸ್ತಿ ಆಡೋಣವೆಂದ. ಕ್ಷಣಮಾತ್ರದಲ್ಲಿ ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದು ಹೊಡೆದಾಡತೊಡಗಿದರು. ಮೇರಿಗೆ ಆಗ ಮೂವತ್ತೊಂಬತ್ತು ವರ್ಷ. ಅಲ್ಲಿಯವರೆಗೆ ತಲೆ ಬಾಚಿಕೊಂಡು ಬರುವ ಶಿಷ್ಯೆಯರಿಗೆ ಪಾಠ ಹೇಳಿದವರು. ಆದರೂ ಹೆದರಲಿಲ್ಲ, ಬೆತ್ತವನ್ನೂ ಹಿಡಿಯಲಿಲ್ಲ. ಶಾಲೆ ಬೆಳೆದು ಸೇಂಟ್ ಜೇಮ್ಸ್ ಬ್ಯಾಕ್ ಎಂಬ ಇನ್ನೂ ಕೆಟ್ಟ ಓಣಿಗೆ ಹೋಯಿತು. ಆ ಓಣಿಯ ಮನೆಗಳನ್ನು ತಾವೇ ಕೊಂಡು, ದುರಸ್ತು ಮಾಡಿಸಿ, ಮರ್ಯಾದಸ್ಥರಾದ ಬಾಡಿಗೆದಾರರನ್ನು ತಂದಿರಿಸಿದರು. ಶಾಲೆಯೊಳಗೆ ಎಷ್ಟು ಬೋಧಿಸಿದರೂ ಹೊಸ್ತಿಲು ದಾಟಿದೊಡನೆ ಓಣಿಯೇ ಹುಡುಗನಿಗೆ ಪಾಠ ಹೇಳುತ್ತದೆ, ಆದ್ದರಿಂದ ಓಣಿಯನ್ನೇ ತಿದ್ದಬೇಕು ಎಂಬುದು ಆಕೆಯ ಲೆಕ್ಕಾಚಾರ.

ಆದರೆ ಕೆಲವು ಹುಡುಗರಿಗೆ ಈ ಶಾಲೆಯೂ ಸಾಲದೆಂಬುದು ಆಕೆಗೆ ಮನವರಿಕೆಯಾಯಿತು. ಒಮ್ಮೆ ಸೆರೆಮನೆಯ ರುಚಿ ಕಂಡವನನ್ನು, ಕುಡುಕ ತಂದೆಯೇ ಕದಿಯಲು ಕಳುಹಿಸುವವನನ್ನು, ದಿನಕ್ಕೆ ಕೆಲವು ಗಂಟೆಗಳ ಪಾಠದಿಂದ ಹಿಡಿದಿಡಲು ಬರುವುದಿಲ್ಲ. 1851ರಲ್ಲಿ ಸುಧಾರಣಾ ಶಾಲೆಗಳನ್ನು ಕುರಿತು ಆಕೆ ಒಂದು ಗ್ರಂಥ ಬರೆದರು. ಬಡ ಮಕ್ಕಳಿಗೆಲ್ಲ ಉಚಿತ ಶಾಲೆ. ಬೀದಿಯಲ್ಲಿ ಅಲೆಯುವ ಮಕ್ಕಳಿಗೆ ಊಟವನ್ನೂ ಕೈಕೆಲಸವನ್ನೂ ಕೊಡುವ ಶಾಲೆ. ಅಪರಾಧ ಮಾಡಿದ ಮಕ್ಕಳಿಗೆ ಸೆರೆಮನೆಯ ಬದಲು ವಸತಿಯುಳ್ಳ ಸುಧಾರಣಾ ಶಾಲೆ. ಇದು ಅದರ ತಿರುಳು. ಯೂರೋಪಿನಲ್ಲಿ ಆಗಲೇ ಇಂಥ ಪ್ರಯತ್ನಗಳು ನಡೆದಿದ್ದುವು. ಹ್ಯಾಂಬರ್ಗಿನ ಬಳಿ ವಿಖೆರ್ನ್ ಎಂಬವರು 1833ರಲ್ಲಿ ಸಣ್ಣ ಸಣ್ಣ ಮನೆಗಳಲ್ಲಿ ಹುಡುಗರನ್ನು ಸಂಸಾರಗಳಂತೆ ಇರಿಸಿ ಸಾಕಿದ್ದರು. ಫ್ರಾನ್ಸಿನ ಮೆಟ್ರೆ ಎಂಬಲ್ಲಿ ದೆಮೆಟ್ಸ್ ಎಂಬ ನ್ಯಾಯಾಧೀಶರು ಅಧಿಕಾರ ಬಿಟ್ಟು ಬಂದು ಹುಡುಗರ ಬೇಸಾಯದ ವಸಾಹತು ಕಟ್ಟಿದ್ದರು.

ಇಂಗ್ಲೆಂಡಿನಲ್ಲಿಯೇ ಬರ್ಮಿಂಗ್‌ಹ್ಯಾಮಿನ ನ್ಯಾಯಾಧಿಪತಿ ಮ್ಯಾಥ್ಯೂ ಡೆವನ್‌ಪೋರ್ಟ್ ಹಿಲ್ಲರು ಮಾಡುತ್ತಿದ್ದ ಕೆಲಸ ನನಗೆ ಇವೆಲ್ಲಕ್ಕಿಂತ ಹೆಚ್ಚು ಹಿಡಿಸಿತು. ಅವರ ಮುಂದೆ ತಪ್ಪೊಪ್ಪಿಕೊಂಡ ಹುಡುಗನನ್ನು ನೋಡಿಕೊಳ್ಳುತ್ತೇನೆಂದು ತಂದೆಯೋ ಅವನಿಗೆ ಕೆಲಸ ಕಲಿಸುತ್ತಿದ್ದ ಯಜಮಾನನೋ ಮುಂದೆ ಬಂದರೆ, ಹಿಲ್ಲರು ಹುಡುಗನನ್ನು ಸೆರೆಮನೆಗೆ ಕಳುಹಿಸದೆ ಅವರ ಕೈಗೆ ಒಪ್ಪಿಸುತ್ತಿದ್ದರು. ಹಾಗೆ ಒಪ್ಪಿಸಿದವರ ಹೆಸರುಗಳನ್ನು ಒಂದು ಪುಸ್ತಕದಲ್ಲಿ ಬರೆಸಿ, ಆಗಾಗ ವಿಚಾರಿಸಿಕೊಂಡು ಬರಲು ಅಧಿಕಾರಿಯೊಬ್ಬನನ್ನು ಕಳುಹಿಸುತ್ತಿದ್ದರು. ಇದನ್ನು ಅವರು ಆರಂಭಿಸಿದ್ದು 1841ರಲ್ಲಿ. ಅದೇ ವರ್ಷ ಬಾಸ್ಟನ್ನಿನಲ್ಲಿ ಜಾನ್ ಅಗಸ್ಟಸ್ ಎಂಬ ಬೂಟು ಹೊಲಿಯುವವನು ನ್ಯಾಯಸ್ಥಾನಕ್ಕೆ ಹೋಗಿ ಅಪರಿಚಿತರಿಗೆ ಜಾಮೀನು ನಿಲ್ಲತೊಡಗಿದ. ಈಗ ಪ್ರೊಬೇಷನ್ ಎಂದು ನಾವು ಕರೆಯುವ ಪದ್ಧತಿಯ ಬೇರು ಇಲ್ಲಿದೆ.

ಈ ಸಂಗತಿ ನನಗೆ ಹಿಡಿಸಲು ಕಾರಣವುಂಟು. ನಮ್ಮ ಬೀದಿಯ ಒಬ್ಬ ಹುಡುಗ, ನನಗಿಂತ ಒಂದು ವರ್ಷ ಚಿಕ್ಕವನು, ಹದಿನಾಲ್ಕನೆಯ ವಯಸ್ಸಿನಲ್ಲಿ ಒಂದು ಸೈಕಲ್ ಕದ್ದು ಸಿಕ್ಕಿಬಿದ್ದು ಬಾಲಮಂದಿರ ಸೇರಿದ್ದ. ಕೆಲವು ವಾರಗಳಲ್ಲಿ ಮನೆಗೆ ಬಂದ. ಬಂದ ಮೇಲೆ ಬೀದಿಯಲ್ಲಿ ಯಾರ ಮನೆಯಲ್ಲಿ ಏನು ಕಾಣೆಯಾದರೂ ಅವನ ಹೆಸರೇ. ಕ್ರಿಕೆಟ್ ಆಡಲು ಅವನನ್ನು ಕರೆಯಬಾರದೆಂದು ಮನೆಮನೆಗಳಲ್ಲಿ ಅಪ್ಪಣೆಯಾಯಿತು. ಕೊನೆಗೆ ಗ್ಯಾರೇಜು ಇಟ್ಟುಕೊಂಡಿದ್ದ ಒಬ್ಬ ಸಾಹೇಬರು, ಅವರಿಗೂ ಇವನಿಗೂ ಯಾವ ನಂಟೂ ಇಲ್ಲ, ಇವನು ನನ್ನ ಜವಾಬ್ದಾರಿ ಎಂದು ತಾಯಿಗೆ ಹೇಳಿ, ಶಾಲೆ ಬಿಟ್ಟ ಮೇಲೆ ಸಂಜೆ ತಮ್ಮ ಕಣ್ಣ ಮುಂದೆ ಕೂರಿಸಿಕೊಳ್ಳತೊಡಗಿದರು. ಹುಡುಗ ಎಸ್.ಎಸ್.ಎಲ್.ಸಿ. ಪಾಸು ಮಾಡಿ ಈಗ ಐ.ಟಿ.ಐ.ಯಲ್ಲಿ ಓದುತ್ತಿದ್ದಾನೆ. ಹಿಲ್ಲರ ಪುಸ್ತಕದಲ್ಲಿ ಹೆಸರು ಬರೆಸಿದ ಯಜಮಾನರ ವಿಷಯ ಓದುವಾಗ ನನ್ನ ಕಣ್ಣ ಮುಂದೆ ಬಂದವರು ಆ ಸಾಹೇಬರು, ಅವರ ಗ್ರೀಸು ಹತ್ತಿದ ಕೈಗಳು.

ಮೇರಿ ಮತ್ತು ಹಿಲ್ಲರು ಸೇರಿ 1851ರ ಡಿಸೆಂಬರಿನಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಒಂದು ಸಮ್ಮೇಳನ ನಡೆಸಿದರು. ಸಮ್ಮೇಳನಕ್ಕೆ ಕಾರಣರಾದವರು ಮೇರಿ. ಅಲ್ಲಿ ಚರ್ಚೆಯಾದದ್ದು ಅವರ ಪುಸ್ತಕದ ವಿಚಾರ. ಆದರೆ ಹೆಂಗಸು ಸಭೆಯಲ್ಲಿ ಎದ್ದು ನಿಂತು ಮಾತಾಡುವುದು ಅಂದು ಸಭ್ಯವೆನಿಸುತ್ತಿರಲಿಲ್ಲವಾದ್ದರಿಂದ ಆಕೆ ಬಾಯಿ ಮುಚ್ಚಿಕೊಂಡು ಕುಳಿತಿದ್ದರು. ಗಂಡಸರು ಮಾತಾಡಿದರು. ಮರುವರ್ಷ ಪಾರ್ಲಿಮೆಂಟಿನ ವಿಚಾರಣಾ ಸಮಿತಿ ಆಕೆಯನ್ನು ಕರೆಸಿ ಕೇಳಿದಾಗ ಮಾತ್ರ ಆಕೆ ಅಳುಕದೆ ಸಾಕ್ಷ್ಯ ಹೇಳಿದರು.

ಶಾಸನ ಬರುವವರೆಗೆ ಕಾಯುವ ಜಾಯಮಾನ ಆಕೆಯದಲ್ಲ. ಬ್ರಿಸ್ಟಲಿನ ಹತ್ತಿರ ಕಿಂಗ್ಸ್‌ವುಡ್ ಎಂಬಲ್ಲಿ ಹಿಂದೆ ಜಾನ್ ವೆಸ್ಲಿಯವರ ಶಾಲೆಯಿದ್ದ ಕಟ್ಟಡವನ್ನು ಸ್ನೇಹಿತರಾದ ರಸೆಲ್ ಸ್ಕಾಟರು ಕೊಂಡುಕೊಟ್ಟರು. 1852ರಲ್ಲಿ ಅಲ್ಲಿ ಸುಧಾರಣಾ ಶಾಲೆ ಆರಂಭವಾಯಿತು. ಶಾಲೆ ಮನೆಯಂತಿರಬೇಕು, ಮಕ್ಕಳಿಗೆ ದುಡಿಮೆಯ ಜೊತೆಗೆ ಆಟವೂ ಬೇಕು, ತಮ್ಮದೆಂದು ಹೇಳಿಕೊಳ್ಳಲು ಒಂದೆರಡು ವಸ್ತುಗಳೂ ಇರಬೇಕು, ಹುಡುಗನ ಮನಸ್ಸು ಒಲಿಯದ ಹೊರತು ಯಾವ ಸುಧಾರಣೆಯೂ ಸಾಧ್ಯವಿಲ್ಲ ಎಂಬುದು ಆಕೆಯ ಸೂತ್ರ. ಆಚರಣೆ ಸುಲಭವಾಗಲಿಲ್ಲ. ಮೊದಲು ಹುಡುಗರನ್ನೂ ಹುಡುಗಿಯರನ್ನೂ ಒಂದೇ ಕಡೆ ಇಟ್ಟರು, ಅದು ಕೈಗೂಡಲಿಲ್ಲ. ಮಕ್ಕಳು ಓಡಿಹೋದರು, ಹುಡುಕಿ ತಂದರೆ ಮತ್ತೆ ಓಡಿಹೋದರು. ಅವರನ್ನು ಹಿಡಿದಿಟ್ಟುಕೊಳ್ಳುವ ಅಧಿಕಾರ ಕಾನೂನಿನ ಪ್ರಕಾರ ಶಾಲೆಗೆ ಇರಲಿಲ್ಲ. ಹೀಗಾಗಿ ಶಾಸನದ ಅಗತ್ಯ ಆಕೆಗೆ ಅನುಭವದಿಂದಲೇ ತಿಳಿಯಿತು.

ಶಾಸನ 1854ರಲ್ಲಿ ಬಂದಿತು. ಹದಿನಾರು ವರ್ಷದೊಳಗಿನ ಅಪರಾಧಿಗಳನ್ನು ಎರಡರಿಂದ ಐದು ವರ್ಷಗಳ ಕಾಲ ಸುಧಾರಣಾ ಶಾಲೆಗೆ ಕಳುಹಿಸಬಹುದು. ಶಾಲೆಗಳನ್ನು ಸಾರ್ವಜನಿಕರು ನಡೆಸಬೇಕು, ಸರ್ಕಾರ ಹಣ ಕೊಟ್ಟು ತನಿಖೆ ಮಾಡಬೇಕು. ಶಕ್ತಿಯಿದ್ದ ತಂದೆತಾಯಿಗಳು ವಾರಕ್ಕೆ 5 ಷಿಲಿಂಗಿನವರೆಗೆ ತೆರಬೇಕು. ಮೇರಿ ಕೇಳಿದ್ದು ಬಹುಮಟ್ಟಿಗೆ ಇದನ್ನೇ. ಆದರೆ ಅದರೊಳಗೆ ಒಂದು ಮುಳ್ಳಿತ್ತು. ಶಾಲೆಗೆ ಹೋಗುವ ಮೊದಲು ಪ್ರತಿಯೊಂದು ಮಗುವೂ ಕನಿಷ್ಠ 14 ದಿನ ಸೆರೆಮನೆಯಲ್ಲಿ ಇರಲೇಬೇಕು!

ಹೀಗೇಕೆ ಮಾಡಿದರು? ಅಪರಾಧಕ್ಕೆ ಶಿಕ್ಷೆಯಾಗದಿದ್ದರೆ ನ್ಯಾಯಕ್ಕೆ ಅರ್ಥವೇನೆಂದು ಅನೇಕರು ವಾದಿಸಿದರು. ಇನ್ನೊಂದು ವಾದವೂ ಇತ್ತು. ಅದನ್ನು ನಾವು ಸುಮ್ಮನೆ ತಳ್ಳಿಹಾಕುವಂತಿಲ್ಲ. ಬೆವರು ಸುರಿಸಿ ಬದುಕುವ ಪ್ರಾಮಾಣಿಕ ಕೂಲಿಯವನ ಮಗನಿಗೆ ಶಾಲೆಯಿಲ್ಲ, ಹೊಟ್ಟೆತುಂಬ ಊಟವಿಲ್ಲ. ಕದ್ದವನ ಮಗನಿಗೆ ಎರಡೂ ಪುಕ್ಕಟೆಯಾಗಿ ಸಿಗುವುದಾದರೆ ಅದು ಕಳ್ಳತನಕ್ಕೆ ಕೊಟ್ಟ ಬಹುಮಾನವಾಗುವುದಿಲ್ಲವೇ? ಮೇರಿಯ ಉತ್ತರವನ್ನು ಅವರ ಯೋಜನೆಯಲ್ಲಿಯೇ ಕಾಣಬಹುದು: ಕೂಲಿಯವನ ಮಗನಿಗೂ ಶಾಲೆ ಬೇಕೆಂದು ಮೊದಲು ಕೇಳಿದವರು ಆಕೆಯೇ. ಇನ್ನು 14 ದಿನಗಳ ವಿಚಾರ. ಸೆರೆಮನೆಯನ್ನು ಹೊಕ್ಕು ಬಂದ ಮಗುವಿನ ಮೈಗೆ ಅದರ ಹೆಸರು ಅಂಟುತ್ತದೆ. ಅದರ ಹೆದರಿಕೆಯೂ ಹೋಗಿಬಿಡುತ್ತದೆ. ಆಮೇಲೆ ಎಷ್ಟು ತೊಳೆದರೂ ಕಲೆ ಹೋಗುವುದಿಲ್ಲ ಎಂದು ಆಕೆ ಬರೆದರು, ವಾದಿಸಿದರು, ಮಂತ್ರಿಗಳಿಗೆ ಅರ್ಜಿ ಕಳುಹಿಸಿದರು. ಅವರ ಪಕ್ಷದಲ್ಲಿದ್ದ ಸುಧಾರಕರಲ್ಲಿಯೇ ಅನೇಕರು ಈ ಒಂದು ವಿಷಯದಲ್ಲಿ ಆಕೆಯೊಡನೆ ನಿಲ್ಲಲಿಲ್ಲ.

ಅದೇ 1854ರ ಅಕ್ಟೋಬರಿನಲ್ಲಿ ಹುಡುಗಿಯರಿಗಾಗಿ ಬ್ರಿಸ್ಟಲಿನ ರೆಡ್ ಲಾಡ್ಜ್ ಎಂಬ ಹಳೆಯ ಮನೆಯಲ್ಲಿ ಬೇರೆ ಶಾಲೆಯಾಯಿತು. ಎಲಿಜಬೆತ್ ರಾಣಿಯ ಕಾಲದ, ಮರದ ಕೆತ್ತನೆಯ ಹಲಗೆಗಳಿಂದ ಗೋಡೆಗಳನ್ನು ಅಲಂಕರಿಸಿದ ಭವ್ಯವಾದ ಮನೆ ಅದು. ಅದನ್ನು ಕೊಂಡುಕೊಟ್ಟವರು ಕವಿ ಬೈರನ್ನನ ವಿಧವೆ. ದೇಶದಲ್ಲಿ ಹುಡುಗಿಯರಿಗಾಗಿಯೇ ಇದ್ದ ಇಂಥ ಮೊದಲನೆಯ ಶಾಲೆ ಇದೆಂದು ಹೇಳುತ್ತಾರೆ. ಇದರ ಆಡಳಿತವನ್ನು ಮೇರಿ ಕೊನೆಯವರೆಗೂ ಬೇರೆ ಯಾರಿಗೂ ಬಿಟ್ಟುಕೊಡಲಿಲ್ಲ.

ಆಕೆಯನ್ನು ದೇವತೆಯೆಂದು ಚಿತ್ರಿಸಲು ನನಗೆ ಇಷ್ಟವಿಲ್ಲ. ರೆಡ್ ಲಾಡ್ಜಿನಲ್ಲಿ ಮಾತು ಕೇಳದ ಹುಡುಗಿಯರನ್ನು ಕೂಡಿಹಾಕಲು ಒಂದು ಕೋಣೆ ಇತ್ತು. ಒಗೆಯುವುದು, ಹೊಲಿಯುವುದು, ಅಡಿಗೆ ಮಾಡುವುದು ಅಲ್ಲಿನ ಮುಖ್ಯ ವಿದ್ಯೆ. ಅಲ್ಲಿಂದ ಹೊರಟ ಹುಡುಗಿ ಉಳ್ಳವರ ಮನೆಯ ಕೆಲಸದವಳಾಗುವುದಕ್ಕಿಂತ ಮೇಲೆ ಏರಬಹುದೆಂಬ ಕಲ್ಪನೆ ಗ್ರೀಕ್ ಭಾಷೆ ಬಲ್ಲ ಈ ಮಹಿಳೆಗೆ ಬಂದಂತೆ ಕಾಣುವುದಿಲ್ಲ. ಅದು ಆ ಕಾಲದ ಮಿತಿಯೆನ್ನಬಹುದು; ಆದರೂ ಮಿತಿಯೇ. 1858ರಲ್ಲಿ ಫ್ರಾನ್ಸಿಸ್ ಪವರ್ ಕಾಬ್ ಎಂಬ ಲೇಖಕಿ ಜೊತೆಗಾರ್ತಿಯಾಗಿ ಬಂದು ಆಕೆಯ ಮನೆಯಲ್ಲಿಯೇ ಉಳಿದರು. ಊಟವನ್ನು ಮೇರಿ ಒಂದು ಕರ್ತವ್ಯದಂತೆ ಮುಗಿಸುತ್ತಿದ್ದರು. ತಿಂದದ್ದೇನೆಂಬುದರ ಕಡೆಗೂ ಗಮನವಿರಲಿಲ್ಲ. ಹರಟೆಗೆ ಸಮಯವಿಲ್ಲ, ಬೇಸರಕ್ಕೆ ಸಮಯವಿಲ್ಲ. ಸ್ನೇಹವನ್ನು ಬಯಸಿ ಬಂದ ಕಾಬ್ ಬಹಳ ದಿನ ನಿಲ್ಲಲಾಗದೆ ಹೊರಟುಹೋದರು. ಇಷ್ಟು ಕಟ್ಟುನಿಟ್ಟಿನ ಮೇರಿ ಅದೇ ವರ್ಷ ಐದು ವರ್ಷದ ರೋಸನ್ನ ಎಂಬ ಮಗುವನ್ನು ದತ್ತು ತೆಗೆದುಕೊಂಡರು. ಆಗ ಐವತ್ತೊಂದು ವರ್ಷದ ಅವಿವಾಹಿತೆ!

ಅನುಭವ ಬೆಳೆದಂತೆ ಆಕೆಯ ವಿಚಾರ ಇನ್ನೊಂದು ಕಡೆಗೆ ತಿರುಗಿತು. ಮಗುವನ್ನು ಮನೆಯಿಂದ ಕಿತ್ತು ವಸತಿಶಾಲೆಯಲ್ಲಿ ಇರಿಸುವುದು ಕೊನೆಯ ಉಪಾಯವಾಗಬೇಕು. ಬೆಳಗ್ಗೆ ಬಂದು, ಊಟ ಮಾಡಿ, ಪಾಠವನ್ನೂ ಕೈಕೆಲಸವನ್ನೂ ಕಲಿತು, ರಾತ್ರಿ ತನ್ನ ತಾಯಿಯ ಬಳಿಗೆ ಹೋಗಿ ಮಲಗುವಂಥ ಹಗಲುಶಾಲೆಗಳಿದ್ದರೆ ಬಹಳ ಮಕ್ಕಳು ಅಪರಾಧದವರೆಗೆ ಹೋಗುವುದೇ ಇಲ್ಲ. ಇದಕ್ಕಾಗಿ ಆಕೆ ವರ್ಷಗಟ್ಟಲೆ ಬೆನ್ನು ಹತ್ತಿದರು. ಕೊನೆಗೆ 1876ರ ವಿದ್ಯಾಭ್ಯಾಸ ಶಾಸನದಲ್ಲಿ ಅಂಥ ಶಾಲೆಗಳಿಗೆ ಅವಕಾಶ ದೊರೆಯಿತು.

1866ರಲ್ಲಿ, ತಮ್ಮ ಐವತ್ತೊಂಬತ್ತನೆಯ ವಯಸ್ಸಿನಲ್ಲಿ, ಆಕೆ ಭಾರತಕ್ಕೆ ಹೊರಟರು. ಅದೇ ವರ್ಷ ರಾಮಮೋಹನ ರಾಯರ ಕೊನೆಯ ದಿನಗಳನ್ನು ಕುರಿತ ಪುಸ್ತಕವನ್ನೂ ಪ್ರಕಟಿಸಿದ್ದರು. ಹಡಗಿನಲ್ಲಿ ಜೊತೆಗಿದ್ದವರು ಬ್ಯಾರಿಸ್ಟರ್ ಮನಮೋಹನ ಘೋಷರು. ಮುಂಬಯಿ, ಅಹಮದಾಬಾದು, ಮದ್ರಾಸು, ಕಲ್ಕತ್ತಗಳನ್ನು ಸುತ್ತಿದರು. ಅಹಮದಾಬಾದಿನಲ್ಲಿ ಐ.ಸಿ.ಎಸ್. ಆದ ಮೊದಲ ಭಾರತೀಯರಾದ ಸತ್ಯೇಂದ್ರನಾಥ ಠಾಕೂರರು ಆದರಿಸಿದರು. ಕಲ್ಕತ್ತೆಯಲ್ಲಿ ಕೇಶವಚಂದ್ರ ಸೇನರು, ಈಶ್ವರಚಂದ್ರ ವಿದ್ಯಾಸಾಗರರು. ಒಂದು ದುರದೃಷ್ಟದ ಘಟನೆಯೂ ನಡೆಯಿತು. ಡಿಸೆಂಬರಿನಲ್ಲಿ ಉತ್ತರಪಾಡದ ಹೆಣ್ಣುಮಕ್ಕಳ ಶಾಲೆಯನ್ನು ಆಕೆಗೆ ತೋರಿಸಲು ಹೋದ ವಿದ್ಯಾಸಾಗರರು ಹಿಂದಿರುಗುವಾಗ ಅವರ ಗಾಡಿ ಮಗುಚಿತು. ಯಕೃತ್ತಿಗೆ ಬಿದ್ದ ಆ ಪೆಟ್ಟಿನಿಂದ ಅವರು ಎಂದೂ ಪೂರ್ತಿ ಚೇತರಿಸಿಕೊಳ್ಳಲಿಲ್ಲ.

ಉಪಾಧ್ಯಾಯಿನಿಯರನ್ನು ತಯಾರು ಮಾಡದೆ ಹೆಣ್ಣುಮಕ್ಕಳ ಶಾಲೆಗಳು ಬೆಳೆಯಲಾರವೆಂದು ಆಕೆ ಎಲ್ಲ ಕಡೆಯೂ ಹೇಳಿದರು. ಪಠ್ಯಪುಸ್ತಕದ ಆ ಒಂದು ಸಾಲು ಇದರ ಫಲ. ಆದರೆ ಹೋದ ಊರುಗಳಲ್ಲಿ ಆಕೆ ಸೆರೆಮನೆಗಳನ್ನೂ ನೋಡಿದರು. ದೊಡ್ಡ ಕೈದಿಗಳ ನಡುವೆ ಹುಡುಗರು ಇದ್ದುದು ಆ ಕಣ್ಣುಗಳಿಗೆ ಕಾಣದೆ ಹೋಗಲಿಲ್ಲ. ಮುಂದೆ ಇನ್ನೂ ಮೂರು ಬಾರಿ ಭಾರತಕ್ಕೆ ಬಂದರು. ಕೊನೆಯ ಸಲ 1875-76ರಲ್ಲಿ. ಸೆರೆಮನೆಗಳ ಸುಧಾರಣೆಯನ್ನೂ ಬಾಲಾಪರಾಧಿಗಳ ಪ್ರತ್ಯೇಕ ಶಾಲೆಗಳನ್ನೂ ಸರ್ಕಾರದ ಮುಂದೆ ಇಟ್ಟರು. 1876ರಲ್ಲಿ ಭಾರತ ಸರ್ಕಾರ ಸುಧಾರಣಾ ಶಾಲೆಗಳ ಶಾಸನವನ್ನು ಮಾಡಿದುದಕ್ಕೆ ಆಕೆಯ ಒತ್ತಾಯವೂ ಒಂದು ಕಾರಣ. ಆದರೆ ಬ್ರಿಸ್ಟಲಿನಲ್ಲಿ ನೆರೆಹೊರೆಯವರ ಕೈಯಲ್ಲಿ ಹುಟ್ಟಿದ ವಸ್ತು ಇಲ್ಲಿಗೆ ಬರುವಾಗ ಸರ್ಕಾರಿ ಇಲಾಖೆಯ ರೂಪ ತಾಳಿತು. 1897ರಲ್ಲಿ ಶಾಸನವನ್ನು ಹೊಸದಾಗಿ ಮಾಡಿದಾಗ ಅದು ಹುಡುಗರಿಗೆ ಮಾತ್ರ ಅನ್ವಯಿಸಿತು. ರೆಡ್ ಲಾಡ್ಜಿನ ಒಡತಿ ಬದುಕಿದ್ದರೆ ಇದನ್ನು ಒಪ್ಪುತ್ತಿರಲಿಲ್ಲವೆಂದು ಧೈರ್ಯವಾಗಿ ಹೇಳಬಹುದು.

ಅನಂತರ ಬಂದ ಮದರಾಸಿನ 1920ರ ಮತ್ತು ಮುಂಬಯಿಯ 1924ರ ಮಕ್ಕಳ ಶಾಸನಗಳು ಇಂದಿನ ಕರ್ನಾಟಕದ ಕೆಲವು ಜಿಲ್ಲೆಗಳಿದ್ದ ಪ್ರಾಂತಗಳವೇ. ಇಡೀ ದೇಶಕ್ಕೆ ಒಂದೇ ಶಾಸನವೆಂಬುದು 1986ರಲ್ಲಿ ಬಂದು, 2000ದಲ್ಲಿಯೂ 2015ರಲ್ಲಿಯೂ ಬದಲಾಯಿತು. ಈಗಿನ ಶಾಸನದಂತೆ ಹದಿನೆಂಟು ತುಂಬದವರನ್ನು ಪೋಲೀಸ್ ಲಾಕಪ್ಪಿನಲ್ಲಾಗಲಿ ಜೈಲಿನಲ್ಲಾಗಲಿ ಇಡಕೂಡದು. ವಿಚಾರಿಸುವ ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟರ ಜೊತೆಗೆ ಇಬ್ಬರು ಸಮಾಜಸೇವಕರು. ಅವರಲ್ಲಿ ಒಬ್ಬರಾದರೂ ಮಹಿಳೆ. ಸಮಾಜಸೇವೆ ಮಾಡಿಸಿ ಬಿಡಬಹುದು. ತಂದೆತಾಯಿಗಳಿಗೋ, ತಕ್ಕವರೆಂದು ಮಂಡಳಿ ಒಪ್ಪಿದ ಬೇರೊಬ್ಬರಿಗೋ ಹುಡುಗನನ್ನು ಒಪ್ಪಿಸಿ ಪ್ರೊಬೇಷನ್ ಮೇಲೆ ಕಳುಹಿಸಬಹುದು. ಹಿಲ್ಲರ ಪುಸ್ತಕದ ನೆನಪಾಗುವುದಿಲ್ಲವೇ? ಜೊತೆಗೆ, ಹದಿನಾರು ದಾಟಿದವನು ಘೋರಾಪರಾಧ ಮಾಡಿದ್ದರೆ ದೊಡ್ಡವರಂತೆಯೇ ವಿಚಾರಣೆಗೆ ಗುರಿಮಾಡುವ ಅವಕಾಶವನ್ನೂ 2015ರಲ್ಲಿ ಸೇರಿಸಿದರು. ಅದರ ಹಿಂದೆ ನೊಂದವರ ನಿಜವಾದ ಸಂಕಟವಿತ್ತು, ದೇಶದ ಸಿಟ್ಟೂ ಇತ್ತು. ನಮ್ಮ ತರಗತಿಯಲ್ಲಿ ಈ ವಿಷಯದ ಚರ್ಚೆಯಾದಾಗ ಬಹುಮಂದಿ ಅದನ್ನು ಸಮರ್ಥಿಸಿದರು, ನಾನು ಸಮರ್ಥಿಸಲಿಲ್ಲ. 14 ದಿನಗಳ ಪರವಾಗಿ ಹೇಳಿದ ಮಾತುಗಳನ್ನೇ ನಾನು ಅಲ್ಲಿ ಮತ್ತೆ ಕೇಳಿದಂತಾಯಿತು. ನನ್ನ ಸ್ನೇಹಿತರು ಒಪ್ಪದಿರಬಹುದು.

ಕೊನೆಯ ವರ್ಷಗಳಲ್ಲಿಯೂ ಆಕೆಗೆ ವಿಶ್ರಾಂತಿಯಿರಲಿಲ್ಲ. 1870ರಲ್ಲಿ ಭಾರತದ ವಿಷಯಗಳಿಗಾಗಿ ಬ್ರಿಸ್ಟಲಿನಲ್ಲಿ ಒಂದು ಸಂಘವನ್ನು ಸ್ಥಾಪಿಸಿದರು; 1873ರಲ್ಲಿ ಅಮೆರಿಕಕ್ಕೂ ಕೆನಡಕ್ಕೂ ಹೋಗಿ ಅಲ್ಲಿನ ಸೆರೆಮನೆಗಳನ್ನು ನೋಡಿ ಬಂದರು. ಬರ್ಮಿಂಗ್‌ಹ್ಯಾಮಿನಲ್ಲಿ ಮೌನವಾಗಿ ಕುಳಿತಿದ್ದವರು ಈಗ ನೂರಾರು ಜನರ ಮುಂದೆ ನಿಂತು ಭಾಷಣ ಮಾಡುತ್ತಿದ್ದರು. ಸ್ತ್ರೀಯರಿಗೆ ಮತದ ಹಕ್ಕು ಬೇಕೆಂದು ಬಹಿರಂಗವಾಗಿ ಹೇಳಿದರು. 1877ರ ಜೂನ್ ತಿಂಗಳ ನಡುವೆ ಒಂದು ರಾತ್ರಿ, ಎಪ್ಪತ್ತು ತುಂಬಿದ ಎರಡು ತಿಂಗಳಿಗೆ, ನಿದ್ರೆಯಲ್ಲಿಯೇ ತೀರಿಕೊಂಡರು.

ಆ 14 ದಿನಗಳನ್ನು 1866ರಲ್ಲಿ ಪಾರ್ಲಿಮೆಂಟು 10 ದಿನಗಳಿಗೆ ಇಳಿಸಿತ್ತು. ಉಳಿದ ಹತ್ತು ದಿನಗಳು ರದ್ದಾದದ್ದು 1899ರಲ್ಲಿ, ಆಕೆ ತೀರಿಹೋದ ಇಪ್ಪತ್ತೆರಡು ವರ್ಷಗಳ ಮೇಲೆ.